ವೇರಿಂಗ್ ಅವರ ಹೆಸರನ್ನು ಒಮ್ಮೆಯಾದರೂ ಹೇಳಬಾರದೇ?

ಮೊನ್ನೆ ಕಾನೂನು ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಉಪನ್ಯಾಸವೊಂದಕ್ಕೆ ಹೋಗಿ ಮೈ ಉರಿಸಿಕೊಂಡು ಬಂದೆ. ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದ 1954ರ ಬ್ರೌನ್ ತೀರ್ಪಿನ ಬಗ್ಗೆ ಸುದೀರ್ಘವಾಗಿ ಮಾತನಾಡಿದ ವಿದ್ವಾಂಸರು ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳನ್ನು ಕೊಂಡಾಡಿದರು. ಅದೇ ಮಾತನ್ನು ಮೂರು ವರ್ಷ ಮೊದಲೇ ಒಬ್ಬಂಟಿಯಾಗಿ ಬರೆದಿಟ್ಟ ದಕ್ಷಿಣ ಕೆರೊಲಿನಾದ ಫೆಡರಲ್ ಜಿಲ್ಲಾ ನ್ಯಾಯಾಧೀಶ ಜೆ. ವೇಟೀಸ್ ವೇರಿಂಗ್ ಅವರ ಹೆಸರು ಮಾತ್ರ ಅವರ ಬಾಯಿಂದ ಹೊರಡಲಿಲ್ಲ. ವಿಚಾರಣಾ ನ್ಯಾಯಾಲಯಗಳಲ್ಲೇ ಕೋಟು ಸವೆಸಿದ ನನಗೆ ಈ ಮರೆವು ಹೊಸದಲ್ಲ, ಆದರೂ ಸಹಿಸಲಾಗುವುದಿಲ್ಲ.

1942ರಲ್ಲಿ ರೂಸ್‌ವೆಲ್ಟ್ ನೇಮಿಸಿದಾಗ ವೇರಿಂಗ್ ಅವರಿಗೆ ಅರವತ್ತು ದಾಟಿತ್ತು. ನಿಜ ಹೇಳುತ್ತೇನೆ, ಅಲ್ಲಿಯವರೆಗಿನ ವೇರಿಂಗ್ ನನಗೆ ಅಷ್ಟೇನೂ ಹಿಡಿಸುವ ಮನುಷ್ಯರಲ್ಲ. ಚಾರ್ಲ್ಸ್‌ಟನ್ನಿನ ಹಳೆಯ ಮನೆತನ, ಅಂತರ್ಯುದ್ಧದಲ್ಲಿ ದಕ್ಷಿಣದ ಪರವಾಗಿ ಒಕ್ಕೂಟದ ವಿರುದ್ಧ ಕಾದಾಡಿದ ತಂದೆ, ಬಿಳಿಯರ ಪಾರಮ್ಯವನ್ನು ಸಾರುತ್ತಿದ್ದ ಸೆನೆಟರ್ ಒಬ್ಬರ ಪರ ಚುನಾವಣಾ ದುಡಿಮೆ. ಅಂಥವರ ಮುಂದೆ 1946ರ ನವೆಂಬರಿನಲ್ಲಿ ಐಸಾಕ್ ವುಡರ್ಡ್ ಎಂಬ ಕಪ್ಪು ಸೈನಿಕ ಸಾಕ್ಷಿಕಟ್ಟೆ ಹತ್ತಿದರು. ಸೇನೆಯಿಂದ ಬಿಡುಗಡೆಯಾದ ದಿನವೇ, ಸಮವಸ್ತ್ರದಲ್ಲಿ ಊರಿಗೆ ಹೊರಟಿದ್ದ ಅವರನ್ನು ಬಸ್ಸಿನಿಂದಿಳಿಸಿ, ಪೊಲೀಸ್ ಮುಖ್ಯಸ್ಥನೊಬ್ಬ ಲಾಠಿಯಿಂದ ಹೊಡೆದು ಎರಡೂ ಕಣ್ಣುಗಳನ್ನು ಕಳೆದಿದ್ದ. ಬಿಳಿಯರೇ ತುಂಬಿದ್ದ ಜ್ಯೂರಿ ಅರ್ಧ ಗಂಟೆಯೊಳಗೆ ಅವನನ್ನು ಖುಲಾಸೆ ಮಾಡಿತು. ಮೇಲಿನ ನ್ಯಾಯಾಲಯದವರು ಕಡತ ಓದುತ್ತಾರೆ, ಕಣ್ಣಿಲ್ಲದ ಸಾಕ್ಷಿಯನ್ನು ಎದುರಿಗೆ ಕೂರಿಸಿಕೊಂಡು ಕೇಳುವವರು ಕೆಳಗಿನವರೇ. ಈ ವ್ಯತ್ಯಾಸ ನಮ್ಮ ಉಪನ್ಯಾಸಕರಿಗೆ ಯಾವಾಗ ಹೊಳೆಯುವುದೋ!

ಮರುವರ್ಷವೇ ಡೆಮಾಕ್ರಟಿಕ್ ಪಕ್ಷ ತನ್ನ ಅಭ್ಯರ್ಥಿಗಳನ್ನು ಆರಿಸಲು ಬಿಳಿಯರಿಗಷ್ಟೇ ಮೀಸಲಿಟ್ಟಿದ್ದ ಪ್ರಾಥಮಿಕ ಚುನಾವಣೆಯನ್ನು ವೇರಿಂಗ್ ಕಪ್ಪು ಮತದಾರರಿಗೆ ತೆರೆದರು. ಅದೇ ರಾಜ್ಯದ ಕ್ಲಾರೆಂಡನ್ ಕೌಂಟಿಯ ಕಪ್ಪು ಪೋಷಕರ ಹೋರಾಟ ಶುರುವಾದದ್ದು ಮಕ್ಕಳಿಗೊಂದು ಶಾಲಾ ಬಸ್ಸು ಬೇಕೆಂದು. ಸಮಾನ ಸೌಲಭ್ಯ ಕೇಳುವುದಷ್ಟೇ ಸಾಲದು, ಪ್ರತ್ಯೇಕ ಶಾಲೆಯ ಪದ್ಧತಿಯನ್ನೇ ಪ್ರಶ್ನಿಸಿ ಎಂದು ಅವರ ವಕೀಲರಾದ ಥರ್ಗುಡ್ ಮಾರ್ಷಲ್ ಅವರನ್ನು ಒತ್ತಾಯಿಸಿದವರು ಇದೇ ವೇರಿಂಗ್. 1951ರಲ್ಲಿ ಮೂವರ ಪೀಠದ ಇನ್ನಿಬ್ಬರು ಪದ್ಧತಿಯನ್ನು ಎತ್ತಿಹಿಡಿದಾಗ, ಪ್ರತ್ಯೇಕತೆಯೆಂಬುದೇ ಅಸಮಾನತೆ ಎಂದು ಅವರು ಭಿನ್ನಮತ ಬರೆದರು. ಆ ಪ್ರಕರಣವೇ ಮುಂದೆ ಬ್ರೌನ್ ಮೊಕದ್ದಮೆಯೊಳಗೆ ಸೇರಿಕೊಂಡಿತು. ಇದನ್ನೂ ಬಿಟ್ಟು ಬ್ರೌನ್ ಕಥೆ ಹೇಳುವುದೆಂದರೆ ಅಡಿಪಾಯ ಬಿಟ್ಟು ಗೃಹಪ್ರವೇಶ ಮಾಡಿದಂತೆ.

1945ರಲ್ಲಿ ಪತ್ನಿಗೆ ವಿಚ್ಛೇದನ ಕೊಟ್ಟು ಉತ್ತರದ ಎಲಿಜಬೆತ್ ಅವರನ್ನು ಮದುವೆಯಾದದ್ದಕ್ಕೆ ಊರು ದೂರವಿಟ್ಟಿತು, ಆ ಸೇಡನ್ನೇ ಅವರು ತೀರ್ಪುಗಳಲ್ಲಿ ತೀರಿಸಿಕೊಂಡರು ಎನ್ನುವವರಿದ್ದಾರೆ. ಒಳ್ಳೆಯ ಸಂಶೋಧನೆ! ಕಪ್ಪು ಶಿಕ್ಷಕರಿಗೆ ಸಮಾನ ವೇತನದ ಆದೇಶ ಅವರಿಂದ ಬಂದದ್ದು 1944ರಲ್ಲಿ. ಮುಂದಿನ ವರ್ಷದ ವಿಚ್ಛೇದನಕ್ಕೆ ಮುಂಗಡವಾಗಿಯೇ ಸೇಡು ತೀರಿಸಿಕೊಂಡರೇ?

ಆಜೀವ ಹುದ್ದೆಯಾದ್ದರಿಂದ ತೆಗೆದುಹಾಕಲಾಗದೆ, ಊರಿನವರು ಅವರ ಮನೆಗೆ ಇಟ್ಟಿಗೆ ತೂರಿದರು. 1952ರಲ್ಲಿ ನಿವೃತ್ತರಾಗಿ ನ್ಯೂಯಾರ್ಕಿಗೆ ಹೋದವರು 1968ರಲ್ಲಿ ತೀರಿಕೊಂಡರು. ಅದೇ ಚಾರ್ಲ್ಸ್‌ಟನ್ನಿನ ಫೆಡರಲ್ ನ್ಯಾಯಾಲಯದ ಕಟ್ಟಡಕ್ಕೆ 2015ರಲ್ಲಿ ವೇರಿಂಗ್ ಹೆಸರು ಬಂತು. ಮೊದಲು ಅದಕ್ಕಿದ್ದದ್ದು ಮಾಜಿ ಸೆನೆಟರ್ ಅರ್ನೆಸ್ಟ್ ಹಾಲಿಂಗ್ಸ್ ಅವರ ಹೆಸರು. ಅದನ್ನು ತೆಗೆದು ವೇರಿಂಗ್ ಹೆಸರಿಡಿ ಎಂದು ಕೇಳಿದವರು, ಆಗ ಬದುಕಿದ್ದ ಹಾಲಿಂಗ್ಸ್ ಅವರೇ. ರಾಜಕಾರಣಿಯೊಬ್ಬರಿಗೆ ನೆನಪಿದ್ದದ್ದು ಕಾನೂನು ಕಲಿಸುವವರಿಗೆ ನೆನಪಿರುವುದಿಲ್ಲವೆಂದರೆ ನಾನು ಯಾರ ಬಳಿ ದೂರಲಿ?