ಮನೆ ತೋರಿಸುವುದು ಅಂದರೆ

ಹೋದ ಫೆಬ್ರವರಿಯಲ್ಲಿ ಅಕ್ಕನ ಹೊಸ ಮನೆಯ ಗೃಹಪ್ರವೇಶಕ್ಕೆ ಮೈಸೂರಿಗೆ ಹೋಗಿದ್ದೆ. ಹೋಮ ಮುಗಿದಿತ್ತು. ಎರಡನೇ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಭಾವ ನೆಂಟರನ್ನೆಲ್ಲ ಕರೆದುಕೊಂಡು ಮನೆ ತೋರಿಸುತ್ತಿದ್ದರು. ತೇಗದ ಬಾಗಿಲು, ದೇವರ ಮನೆಯ ಕೆತ್ತನೆ, ಅಡುಗೆಮನೆಯ ಗ್ರಾನೈಟು, ಹಾಲ್‌ನ ಫಾಲ್ಸ್ ಸೀಲಿಂಗಿನಲ್ಲಿ ಸಾಲಾಗಿ ಉರಿಯುವ ದೀಪಗಳು. ಎಲ್ಲರೂ ತಲೆ ಎತ್ತಿ ನೋಡಿ "ಚೆನ್ನಾಗಿದೆ, ಚೆನ್ನಾಗಿದೆ" ಅಂದರು. ನಾನೂ ಅಂದೆ. ಮನಸಾರೆ ಅಂದೆ, ಅವರಿಬ್ಬರೂ ಹದಿನೈದು ವರ್ಷ ಕೂಡಿಟ್ಟು ಕಟ್ಟಿದ ಮನೆ ಅದು.

ಮಹಡಿ ಮೇಲಿನ ಕೋಣೆಗೆ ಬಂದಾಗ ಮಾತ್ರ ತಡೆಯಲಾಗಲಿಲ್ಲ. ಪಡುವಣ ಗೋಡೆ ಪೂರ್ತಿ ಗಾಜು. ಮೇಲೆ ಸಜ್ಜವಿಲ್ಲ. ಮಧ್ಯಾಹ್ನ ಎರಡು ಗಂಟೆಗೇ ಕೋಣೆ ಕಾದುಹೋಗಿತ್ತು. ಎಸಿ ಓಡುತ್ತಿತ್ತು.

"ಭಾವ, ಇದಕ್ಕೊಂದು ಸಜ್ಜ ಹಾಕಿಸಬಹುದಿತ್ತಲ್ವಾ? ಬಿಸಿಲು ನೇರ ಒಳಗೆ ಬರ್ತಿದೆ" ಅಂದೆ.

ಎಲ್ಲರೂ ಸುಮ್ಮನಾದರು. ದೊಡ್ಡಪ್ಪ ನನ್ನ ಮುಖ ನೋಡಿ, "ಇಂಗ್ಲೆಂಡಿನಿಂದ ತಪ್ಪು ಹುಡುಕೋಕೆ ಬಂದ್ಯೇನಪ್ಪಾ" ಅಂದರು. ಅಕ್ಕ ಕೈ ಹಿಡಿದು ಈಚೆಗೆ ಎಳೆದುಕೊಂಡಳು. "ಒಳ್ಳೆ ದಿನ ಕಣೋ ಇವತ್ತು. ಸುಮ್ನಿರು."

ಸುಮ್ಮನಾದೆ. ಹೊತ್ತು ಗೊತ್ತು ನೋಡದೆ ಆಡಿದ ಮಾತು ಅದು, ಒಪ್ಪುತ್ತೇನೆ. ಆದರೂ ಊಟಕ್ಕೆ ಕೂತಾಗ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಯಾಕೆಂದರೆ ಅದಕ್ಕೆ ನಾಲ್ಕು ತಿಂಗಳ ಹಿಂದಷ್ಟೇ ಬೇರೆ ಥರ ಮನೆ ತೋರಿಸಿದ್ದನ್ನು ನಾನು ನೋಡಿದ್ದೆ.

ನಾನಿರುವುದು ರೆಡಿಂಗ್‌ನಲ್ಲಿ. ಲಂಡನ್ನಿನಿಂದ ಪಶ್ಚಿಮಕ್ಕೆ ರೈಲಿನಲ್ಲಿ ಹೆಚ್ಚುಕಡಿಮೆ ಅರ್ಧ ಗಂಟೆ. ನಮ್ಮ ಬೀದಿಯಲ್ಲಿ ನೂರು ವರ್ಷ ದಾಟಿದ ಇಟ್ಟಿಗೆ ಮನೆಗಳು, ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿವೆ. ನೋಡೋಕೆ ಚೆಂದ. ಚಳಿಗಾಲದಲ್ಲಿ ವಾಸಕ್ಕೆ ಕಷ್ಟ. ಆಮೇಲಿನ ಕಾಲದ ಮನೆಗಳಲ್ಲಿ ಗೋಡೆ ಎರಡು ಪದರ, ನಡುವೆ ಟೊಳ್ಳು, ಅದರಲ್ಲಿ ಶಾಖ ತಡೆಯುವ ಸಾಮಾನು ತುಂಬಬಹುದು. ನಮ್ಮದರಲ್ಲಿ ಒಂದೇ ಗಟ್ಟಿ ಗೋಡೆ, ಒಂಬತ್ತು ಇಂಚು. ಒಳಗೆ ಕಾಯಿಸಿದ್ದೆಲ್ಲ ಹೊರಗೆ ಸೋರಿಹೋಗುತ್ತದೆ.

ಮನೆಯ ಗ್ಯಾಸು ಕರೆಂಟಿನ ಖರ್ಚು ಕಡಿಮೆ ಮಾಡಿಕೊಳ್ಳೋಣ ಅಂತ ನಮ್ಮ ಬಡಾವಣೆಯವರು ಕಟ್ಟಿಕೊಂಡ ಒಂದು ಗುಂಪಿದೆ. ಅಕ್ಟೋಬರ್‌ನ ಒಂದು ಶನಿವಾರ ಆ ಗುಂಪಿನವರು ಕೆಲವು ಮನೆಗಳನ್ನು ಎಲ್ಲರಿಗೂ ತೆರೆದಿಟ್ಟಿದ್ದರು. ಯಾರು ಬೇಕಾದರೂ ಹೋಗಿ ನೋಡಬಹುದು, ಕೇಳಬಹುದು. ಇಂಗ್ಲೆಂಡಿನ ಎಷ್ಟೋ ಊರುಗಳಲ್ಲಿ ಈ ರೂಢಿ ಇದೆ. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ, ಎಪ್ಪತ್ತು ದಾಟಿದೆ. ಅವರ ಗೇಟಿನ ಮುಂದೆ ಏಳೆಂಟು ಜನ ಸಾಲು ನಿಂತಿದ್ದರು. ನಾನೂ ನಿಂತೆ.

ಹಾಲ್‌ಗೆ ಕರೆದುಕೊಂಡು ಹೋಗುತ್ತಾರೆ ಅಂದುಕೊಂಡಿದ್ದೆ. ಅವರು ಮೊದಲು ಕರೆದದ್ದು ಮೆಟ್ಟಿಲ ಕೆಳಗಿನ ಮೀಟರಿನ ಹತ್ತಿರ. ಪಕ್ಕದಲ್ಲಿ ದಾರಕ್ಕೆ ಕಟ್ಟಿ ನೇತುಹಾಕಿದ ಒಂದು ನೋಟ್‌ಬುಕ್. ಪ್ರತಿ ಭಾನುವಾರ ಬೆಳಿಗ್ಗೆ ಗ್ಯಾಸು, ಕರೆಂಟು ಎರಡರ ರೀಡಿಂಗೂ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದಾರೆ. ಮಗಳು ಮೊಮ್ಮಕ್ಕಳ ಜೊತೆ ಬಂದ ವಾರಕ್ಕೆ ಅಂಚಿನಲ್ಲಿ ಒಂದು ಚುಕ್ಕಿ. ಆ ಪುಸ್ತಕವನ್ನು ನಮ್ಮ ಕೈಗೇ ಕೊಟ್ಟರು. ಆಮೇಲೆ ಒಬ್ಬೊಬ್ಬರನ್ನೇ ಏಣಿ ಹತ್ತಿಸಿ ಅಟ್ಟ ತೋರಿಸಿದರು. ಟಾರ್ಚ್ ಬೆಳಕಲ್ಲಿ ಶಾಖ ತಡೆಯುವ ಗ್ಲಾಸ್ ವುಲ್ ಹಾಸಿಗೆಯ ಹಾಗೆ ಹರಡಿಕೊಂಡಿತ್ತು. ಅದರೊಳಗೆ ಶಾಲೆಯ ಮರದ ಸ್ಕೇಲ್ ನೆಟ್ಟಿದ್ದರು. 27 ಸೆಂಟಿಮೀಟರ್. ಇಲ್ಲಿ ಶಿಫಾರಸು ಮಾಡುವುದೂ ಅಷ್ಟೇ ದಪ್ಪ.

ನಿಜವಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಿಂದಿನ ಮಲಗುವ ಕೋಣೆ. ಮೇಷ್ಟ್ರು ಗೋಡೆಗೆ ಆನಿಸಿದ್ದ ಬೀರುವನ್ನು ತಾವೇ ಪಕ್ಕಕ್ಕೆ ಸರಿಸಿದರು. ಹಿಂದೆ ಗೋಡೆ ಕಪ್ಪಾಗಿತ್ತು. ಬೂಷ್ಟು. ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಗಾಳಿ ಬರುತ್ತದೆ ಅಂತ ಕೋಣೆಯ ಗಾಳಿಕಿಂಡಿಯನ್ನೂ ಮುಚ್ಚಿಬಿಟ್ಟಿದ್ದರಂತೆ. ಒಳಗಿನ ತೇವಕ್ಕೆ ಹೋಗೋಕೆ ದಾರಿಯಿಲ್ಲದೆ ತಣ್ಣನೆ ಗೋಡೆ ಮೇಲೆ ಕೂತಿತು. "ಇದು ನಾನು ಮಾಡಿದ ತಪ್ಪು. ಸಂದು ಮುಚ್ಚಿ, ಗಾಳಿಕಿಂಡಿ ಮುಚ್ಚಬೇಡಿ" ಅಂದರು.

ತಮ್ಮ ಮನೆಯ ಕೆಟ್ಟ ಗೋಡೆ ತೋರಿಸೋಕೆ ಬೀರು ಸರಿಸಿದವರನ್ನು ನಾನು ಅದೇ ಮೊದಲು ನೋಡಿದ್ದು. ನಮ್ಮಲ್ಲಿ ಅಂಥ ಗೋಡೆ ಇದ್ದರೆ ಅಲ್ಲಿಗೆ ಬೀರು ಸರಿಸುತ್ತೇವೆ, ಅಲ್ವಾ?

ಜನವರಿಯಲ್ಲಿ ಅದೇ ಗುಂಪು ನನಗೆ ಬಿಸಿ ತಣ್ಣಗಿರುವುದನ್ನು ಬಣ್ಣದಲ್ಲಿ ತೋರಿಸುವ ಥರ್ಮಲ್ ಕ್ಯಾಮೆರಾ ಮೂರು ದಿನಕ್ಕೆ ಕೊಟ್ಟಿತು. ದುಡ್ಡು ಕೇಳಲಿಲ್ಲ. ಒಳಗೂ ಹೊರಗೂ ಕನಿಷ್ಠ ಹತ್ತು ಡಿಗ್ರಿ ವ್ಯತ್ಯಾಸ ಇದ್ದರೆ ಅದು ಚೆನ್ನಾಗಿ ತೋರಿಸುತ್ತದೆ, ಹಾಗಾಗಿ ಚಳಿಗಾಲವೇ ಅದಕ್ಕೆ ಸರಿ. ಬೆಳಗಿನ ಜಾವ ಮನೆಯೊಳಗೆ ಹಿಡಿದು ನೋಡಿದೆ. ಬೆಚ್ಚಗಿರುವ ಕಡೆ ಹಳದಿ, ತಣ್ಣಗಿರುವ ಕಡೆ ನೀಲಿ. ಮುಂಬಾಗಿಲಲ್ಲಿ ಕಾಗದ ಹಾಕುವ ಸೀಳು ಕಡುನೀಲಿ. ಅಟ್ಟದ ಮುಚ್ಚಳದ ಸುತ್ತ ನೀಲಿ ಗೆರೆ. ಹಳೆಯ ಅಗ್ಗಿಷ್ಟಿಕೆಯಿಂದ ಚಳಿ ನೀರಿನ ಹಾಗೆ ನೆಲಕ್ಕೆ ಇಳಿದು ಹರಡಿತ್ತು. ಏಳು ವರ್ಷ ಆ ಮನೆಯಲ್ಲಿ ಸ್ವೆಟರ್ ಹಾಕಿಕೊಂಡು ಕೂತಿದ್ದೆ, ಚಳಿ ಎಲ್ಲಿಂದ ಬರುತ್ತದೆ ಅಂತ ಗೊತ್ತಿರಲಿಲ್ಲ.

ಮುಂದಿನ ಶನಿವಾರ ಗುಂಪಿನ ಇಬ್ಬರು ಬಂದರು. ಬಾಗಿಲ ಚೌಕಟ್ಟಿಗೆ ಸ್ಪಂಜಿನ ಪಟ್ಟಿ, ಕಾಗದದ ಸೀಳಿಗೆ ಬ್ರಷ್, ಚಿಮಣಿಯೊಳಗೆ ಉಣ್ಣೆಯ ದಿಂಡು. ಅವರಲ್ಲಿ ಒಬ್ಬಾಕೆ ನನ್ನ ತಾಯಿಯ ವಯಸ್ಸಿನವರು. ನನ್ನ ಹೊಸ್ತಿಲ ಮುಂದೆ ಮಂಡಿಯೂರಿ ಕೂತು ಪಟ್ಟಿ ಅಂಟಿಸಿದರು. ನಾನು ಮಾಡ್ತೀನಿ ಅಂದರೆ, ಹಿಡಿಯೋದು ಹೇಗೆ ಅಂತ ತೋರಿಸಿ, ಉಳಿದರ್ಧ ನನ್ನ ಕೈಯಲ್ಲಿ ಮಾಡಿಸಿದರು. "ಈಗ ಪಕ್ಕದ ಮನೆಯವರಿಗೆ ನೀವು ಮಾಡಿಕೊಡಿ" ಅಂದರು. ಫಿಲ್ಟರ್ ಕಾಫಿ ಕುಡಿದು ಹೋದರು.

ಅಲ್ಲಿಯ ಜನ ಸ್ವಭಾವತಃ ಹಾಗೆ ಅಂತ ನಾನು ಹೇಳಲಾರೆ. ಬೆಲೆ ಅವರನ್ನು ಒಟ್ಟುಗೂಡಿಸಿತು. ಸಾಮಾನ್ಯ ಮನೆಯೊಂದರ ಗ್ಯಾಸು ಕರೆಂಟಿನ ಬಿಲ್ಲಿಗೆ ಸರ್ಕಾರದ ನಿಯಂತ್ರಕರು ಹಾಕಿದ್ದ ಮಿತಿ 2021ರ ಅಕ್ಟೋಬರ್‌ನಲ್ಲಿ ವರ್ಷಕ್ಕೆ 1,277 ಪೌಂಡ್ ಇತ್ತು. ಉಕ್ರೇನ್ ಯುದ್ಧ ಶುರುವಾದ ವರ್ಷ, 2022ರ ಅಕ್ಟೋಬರ್‌ನಲ್ಲಿ, ಸರ್ಕಾರ ಸಹಾಯಕ್ಕೆ ನಿಂತ ಮೇಲೂ 2,500 ಪೌಂಡ್. ಆ ಚಳಿಗಾಲ ಯಾರೂ ಬಿಲ್ಲಿನ ಬಗ್ಗೆ ನಾಚಿಕೊಳ್ಳಲಿಲ್ಲ. ಬಸ್‌ಸ್ಟಾಪಿನಲ್ಲೂ ಅದೇ ಮಾತು. ಆದರೆ ಗುಂಪುಗಳು ಅದಕ್ಕೂ ಮುಂಚಿನವು. 2006ರಲ್ಲಿ ಡೆವನ್ ಸೀಮೆಯ ಟಾಟ್ನೆಸ್ ಅನ್ನುವ ಪುಟ್ಟ ಊರಲ್ಲಿ ರಾಬ್ ಹಾಪ್ಕಿನ್ಸ್ ಮತ್ತು ಜೊತೆಯವರು 'ಟ್ರಾನ್ಸಿಷನ್ ಟೌನ್' ಅಂತ ಶುರುಮಾಡಿದರು. ಪೆಟ್ರೋಲು ಗ್ಯಾಸು ನೆಚ್ಚಿಕೊಂಡ ಬದುಕನ್ನು ಊರಿನವರೇ ಸೇರಿ ಕಡಿಮೆ ಮಾಡಿಕೊಳ್ಳಬೇಕು ಅನ್ನುವುದು ಅದರ ತಿರುಳು. ಅದು ಹಬ್ಬುತ್ತಾ ಹೋಯಿತು. ಬೆಲೆ ಏರಿದಾಗ ಕ್ಯಾಮೆರಾ, ಏಣಿ, ಕೆಲಸ ಗೊತ್ತಿರುವ ಕೈ ಎಲ್ಲ ಬೀದಿಯಲ್ಲೇ ಸಿದ್ಧವಿದ್ದವು.

ಈಗ ಮೈಸೂರಿನ ಕಥೆ. ಅಕ್ಕನ ಬಡಾವಣೆಯಲ್ಲೂ ಸಂಘ ಇದೆ. ಗಣೇಶನ ಹಬ್ಬ, ರಾಜ್ಯೋತ್ಸವ, ಪಾರ್ಕಿನ ಬೇಲಿ, ಸಿಸಿ ಕ್ಯಾಮೆರಾ, ಎಲ್ಲದಕ್ಕೂ ಜನ ಸೇರುತ್ತಾರೆ. ಸಂಘದ ವಾಟ್ಸಾಪ್ ಗುಂಪಿಗೆ ಅಕ್ಕನ ಕೈಲಿ ಒಂದು ಮಾತು ಹಾಕಿಸಿದೆ. ಯಾರ ಮನೆಯಲ್ಲಿ ಚಾವಣಿಯ ಸೋಲಾರ್ ಇದೆಯೋ ಅವರು ಒಂದು ಭಾನುವಾರ ಉಳಿದವರಿಗೆ ತೋರಿಸಬಹುದಾ, ಬಿಲ್ ಎಷ್ಟು ಇಳಿಯಿತು ಅಂತ ಹೇಳಬಹುದಾ? 2024ರಿಂದ ಕೇಂದ್ರ ಸರ್ಕಾರ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಕೊಡುತ್ತಿದೆ, ಹಾಕಿಸಿದವರು ಆ ಬೀದಿಯಲ್ಲೇ ಇಬ್ಬರಿದ್ದಾರೆ. ನಾಲ್ಕು ಜನ ಕೈಮುಗಿಯುವ ಚಿತ್ರ ಹಾಕಿದರು. ಮುಂದೆ ಏನೂ ಆಗಲಿಲ್ಲ. ಒಬ್ಬರು ಅಕ್ಕನಿಗೆ ಫೋನ್ ಮಾಡಿ, "ಬಿಲ್ಲೆಲ್ಲಾ ಹೇಳೋಕೆ ಜನ ಇಷ್ಟಪಡಲ್ಲ" ಅಂದರಂತೆ.

ನಮ್ಮಲ್ಲಿ ಬಿಲ್ ಅಂದರೆ ಸಂಬಳದ ಹಾಗೆ. ಜಾಸ್ತಿ ಬಂದರೆ ಅಸೂಯೆ, ಕಡಿಮೆ ಬಂದರೆ ಜಿಪುಣ ಅನ್ನುತ್ತಾರೆ ಅನ್ನುವ ಭಯ. ಮನೆ ಕಟ್ಟುವಾಗ ವಾಸ್ತು ಕೇಳಲು ಮೂರು ಕಡೆ ಹೋಗುತ್ತೇವೆ. ಪಕ್ಕದ ಮನೆಯವರು ಯಾವ ಗೋಡೆ ಕಟ್ಟಿ ಪಶ್ಚಾತ್ತಾಪಪಟ್ಟರು ಅಂತ ಮಾತ್ರ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಹೀಗೆ ಒಂದೇ ಬೀದಿಯಲ್ಲಿ ಹತ್ತು ಮನೆ ಅದೇ ಗಾಜು, ಅದೇ ಬಿಸಿಲು, ಅದೇ ಎಸಿ. ಇದು ನನಗೆ ನೋವು ಕೊಡುತ್ತದೆ. ಮೈಸೂರಿನಂಥ ಹಿತವಾದ ಹವೆಯ ಊರಲ್ಲಿ ಮನೆಯನ್ನು ನಾವೇ ಬಿಸಿ ಮಾಡಿ, ಆಮೇಲೆ ದುಡ್ಡು ಕೊಟ್ಟು ತಂಪು ಮಾಡುವ ಕಷ್ಟ ಯಾಕೆ ಬೇಕು?

ನಮಗೆ ಇದು ಗೊತ್ತಿಲ್ಲದ ವಿದ್ಯೆಯಲ್ಲ, ಅದಕ್ಕೇ ಜಾಸ್ತಿ ನೋವು. ನನ್ನ ಅಜ್ಜಿಯ ಊರು ಕುಣಿಗಲ್ ಕಡೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ, ವಿಜ್ಞಾನವನ್ನು ಹಳ್ಳಿಗೆ ಒದಗಿಸಬೇಕು ಅಂತ 'ಅಸ್ತ್ರ' ಅನ್ನುವ ಕೇಂದ್ರ ಶುರುವಾಯಿತು. ಹಳ್ಳಿಯ ಕೆಲಸಕ್ಕೆ ಅವರು ಆರಿಸಿಕೊಂಡದ್ದು ಕುಣಿಗಲ್ ತಾಲ್ಲೂಕಿನ ಉಂಗ್ರ. ಅಸ್ತ್ರ ಒಲೆ ಅಂದರೆ ನಮ್ಮ ಕಡೆಯ ಹಿರಿಯರಿಗೆ ಈಗಲೂ ನೆನಪಿದೆ. ಮೂರು ಪಾತ್ರೆ ಒಟ್ಟಿಗೆ ಕೂರುತ್ತದೆ, ಕಡಿಮೆ ಸೌದೆ, ಹೊಗೆಯೆಲ್ಲ ಕೊಳವೆಯಲ್ಲಿ ಹೊರಗೆ. ಅಜ್ಜಿಯ ಮನೆಗೆ ಆ ಒಲೆ ಹಾಕಿದಾಗ ನಾನು ಚಿಕ್ಕವನು. ಬೀದಿಯ ಹೆಂಗಸರೆಲ್ಲ ನೋಡೋಕೆ ಬಂದಿದ್ದರು. ಅಜ್ಜಿ ಅವರನ್ನು ನಡುಮನೆಯಲ್ಲಿ ಕೂರಿಸದೆ ನೇರ ಅಡುಗೆಮನೆಗೆ ಕರೆದುಕೊಂಡು ಹೋಗಿ, ಎಷ್ಟು ಸೌದೆ ಬೇಕಾಯಿತು ಅಂತ ಕಂಕುಳಲ್ಲಿ ಹಿಡಿದು ಅಳತೆ ತೋರಿಸಿದ್ದಳು. ಮೂರನೇ ಪಾತ್ರೆಗೆ ಉರಿ ಸಾಲುವುದಿಲ್ಲ, ಅಲ್ಲಿ ಬರೀ ನೀರು ಇಡಿ ಅಂತಲೂ ಹೇಳಿದ್ದಳು. ರೆಡಿಂಗಿನ ಮೇಷ್ಟ್ರು ಮಾಡಿದ್ದು ಅದನ್ನೇ.

ಅಜ್ಜಿಯಿಂದ ಅಕ್ಕನಿಗೆ ಬರುವಷ್ಟರಲ್ಲಿ ಆ ಅಭ್ಯಾಸ ಎಲ್ಲಿ ತಪ್ಪಿಹೋಯಿತು?

ಇದನ್ನೆಲ್ಲ ಏಪ್ರಿಲ್‌ನಲ್ಲಿ ಫೋನಿನಲ್ಲಿ ಸ್ವಲ್ಪ ಜೋರಾಗಿಯೇ ಹೇಳಿದೆ. ಭಾವ ಎಲ್ಲ ಕೇಳಿಸಿಕೊಂಡರು. "ಸರಿನಪ್ಪಾ, ನಿನ್ನ ಮನೆಗೆ ವರ್ಷಕ್ಕೆ ಎಷ್ಟು ಯೂನಿಟ್ ಬೇಕು?" ಅಂದರು.

ಹೇಳಲೇಬೇಕಾಯಿತು. ಇಲ್ಲಿಯ ನಿಯಂತ್ರಕರು ಸಾಮಾನ್ಯ ಮನೆ ಅಂತ 2023ರಲ್ಲಿ ಹಿಡಿದ ಲೆಕ್ಕ ವರ್ಷಕ್ಕೆ 11,500 ಯೂನಿಟ್ ಗ್ಯಾಸು, 2,700 ಯೂನಿಟ್ ಕರೆಂಟು. ಇಲ್ಲಿ ಗ್ಯಾಸಿನ ಲೆಕ್ಕವೂ ಕರೆಂಟಿನ ಹಾಗೆ ಕಿಲೋವ್ಯಾಟ್ ಅವರ್‌ನಲ್ಲೇ. ನನ್ನದೂ ಅದರ ಆಸುಪಾಸು. ಅಕ್ಕ ಹಳೆ ಮನೆಯಲ್ಲಿದ್ದಾಗ ತಿಂಗಳಿಗೆ 200 ಯೂನಿಟ್ ದಾಟುತ್ತಿರಲಿಲ್ಲ, ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್. ಅಡುಗೆಗೆ ವರ್ಷಕ್ಕೆ ಎಂಟು ಸಿಲಿಂಡರ್. ಅದನ್ನೂ ಯೂನಿಟ್‌ಗೆ ಇಳಿಸಿದರೆ ಒಂದು ಸಾವಿರದ ನಾನೂರು ಐನೂರು. ಎಲ್ಲ ಕೂಡಿದರೂ ನಾಲ್ಕು ಸಾವಿರ ಆಗುವುದಿಲ್ಲ. ಸ್ನಾನದ ನೀರು ಚಾವಣಿ ಮೇಲಿನ ಸೋಲಾರ್‌ನಲ್ಲಿ ಕಾಯುತ್ತದೆ. ಅದನ್ನು ಹಾಕಿಸಲು ಯಾರೂ ಗುಂಪು ಕಟ್ಟಬೇಕಾಗಿರಲಿಲ್ಲ. ನನ್ನ ಮನೆಯ ಸಂದುಗಳನ್ನೆಲ್ಲ ಮುಚ್ಚಿದ ಮೇಲೂ ನಾನು ಅಕ್ಕನ ಮೂರು ಪಟ್ಟಿಗೂ ಜಾಸ್ತಿ ಸುಡುತ್ತೇನೆ.

ಇನ್ನೂ ಒಂದು ಮಾತು ಒಪ್ಪಬೇಕು. ನಮ್ಮ ಬೀದಿಯಲ್ಲಿ ಸಾಲು ನಿಂತವರಲ್ಲಿ ಹೆಚ್ಚಿನವರು ಸ್ವಂತ ಮನೆಯವರು, ತಲೆ ನೆರೆತವರು, ಸಮಯ ಇರುವವರು. ಬಾಡಿಗೆ ಮನೆಯ ಹುಡುಗರು ಬಂದು ನೋಡಿಕೊಂಡು ಹೋದರು. ಅವರು ಅಟ್ಟಕ್ಕೆ ಕೈ ಹಾಕುವ ಹಾಗಿಲ್ಲ, ಓನರ್ ಮನಸ್ಸು ಮಾಡಬೇಕು.

ನಮ್ಮವರು ಕಸದ ವಿಷಯದಲ್ಲಿ ಮಾಡಿದ್ದನ್ನೂ ಮರೆಯಬಾರದು. ಬೆಂಗಳೂರಿನಲ್ಲಿ ಬಡಾವಣೆಯ ಹೆಂಗಸರು ಮನೆ ಮನೆ ತಿರುಗಿ ಹಸಿ ಕಸ, ಒಣ ಕಸ ಬೇರೆ ಮಾಡಿಸಿದರು. ಎರಡು ಡಬ್ಬ ಒಂದು ಚೀಲದ ಪದ್ಧತಿ ನಗರಕ್ಕೆಲ್ಲ ಆಗಬೇಕು ಅಂತ 2015ರಲ್ಲಿ ಹೈಕೋರ್ಟ್ ಹೇಳುವುದಕ್ಕೆ ಅವರ ಓಡಾಟವೇ ಬುನಾದಿ. ಎಚ್ಎಸ್ಆರ್ ಲೇಔಟಿನಲ್ಲಿ ಸ್ವಚ್ಛಾಗ್ರಹ ಕಲಿಕಾ ಕೇಂದ್ರ ಅಂತಲೇ ಇದೆ. ಗೊಬ್ಬರ ಮಾಡುವ ಬಗೆಬಗೆಯ ಡಬ್ಬಗಳನ್ನು ಅಲ್ಲಿ ತೆರೆದು ತೋರಿಸುತ್ತಾರೆ. ಹೋದ ಸಲ ನೋಡಿ ಬಂದೆ. ಕಸವನ್ನು ತೆರೆದು ತೋರಿಸಲು ನಾಚದವರು ಬಿಲ್ಲನ್ನು ತೋರಿಸಲು ಯಾಕೆ ನಾಚಬೇಕು ಅಂತ ಅಲ್ಲೇ ನಿಂತು ಯೋಚಿಸಿದೆ.

ಹೊಸ ಮನೆಯಲ್ಲಿ ಏಪ್ರಿಲ್ ತಿಂಗಳಿಗೆ 340 ಯೂನಿಟ್ ಬಂತು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮೇ ಮೊದಲ ವಾರ ಭಾವನೇ ಫೋನ್ ಮಾಡಿ, "ಆ ಗಾಜಿಗೆ ಹೊರಗಡೆಯಿಂದ ಏನಾದ್ರೂ ಮಾಡಬಹುದಾ?" ಅಂದರು. ಒಳಗೆ ಪರದೆ ಹಾಕಿದರೆ ಬಿಸಿ ಆಗಲೇ ಒಳಗೆ ಬಂದಿರುತ್ತದೆ, ಹೊರಗೇ ತಡೆಯಬೇಕು ಅಂದೆ. ದೇವರಾಜ ಅರಸು ರಸ್ತೆಯ ಕಡೆ ಹೋಗಿ ಬಿದಿರಿನ ಪರದೆ ತಂದು ಹೊರಗೆ ಇಳಿಬಿಟ್ಟರು. ಮಧ್ಯಾಹ್ನ ಈಗ ಆ ಕೋಣೆಯಲ್ಲಿ ಫ್ಯಾನ್ ಸಾಕಂತೆ. ಅಕ್ಕ ಫೋಟೋ ಕಳಿಸಿದಳು. ಗಾಜಿನ ಮೇಲೆ ಬಿದಿರಿನ ಗೆರೆ ಗೆರೆ ನೆರಳು.

ಎದುರು ಮನೆಯವರು ಅದೇನು ಅಂತ ಕೇಳಿಕೊಂಡು ಗೇಟಿನ ತನಕ ಬಂದಿದ್ದರಂತೆ. ಅವರ ಮನೆಯಲ್ಲೂ ಪಡುವಣಕ್ಕೆ ಗಾಜು.

"ಒಳಗೆ ಕರೆದು ತೋರಿಸಿದ್ಯಾ?" ಅಂದೆ.

"ತೋರಿಸಿದೆ ಕಣೋ. ಕಾಫಿನೂ ಕೊಟ್ಟೆ."

"ಬಿಲ್ಲು?"

"ಅಯ್ಯೋ, ಅದೆಲ್ಲಾ ಯಾಕೋ" ಅಂದಳು.