ಯಾರು ಅಂತ ಹೇಳಲ್ಲ, ಆದ್ರೆ…

ಒಳ್ಳೆಯ ಸಸ್ಪೆನ್ಸ್ ಪಿಚ್ಚರ್ ನೋಡಿ ಬಂದವರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ತುಮಕೂರಿನಿಂದ ಯಶವಂತಪುರದ ಕಡೆ ಹೊರಟ ಬೆಳಗಿನ ರೈಲಿನಲ್ಲಿ ಕ್ಯಾತ್ಸಂದ್ರ ಬರುವಷ್ಟರಲ್ಲಿ ಸಿನಿಮಾದ ಹೆಸರು ಹೊರಬಿದ್ದಿರುತ್ತದೆ. ಹಿರೇಹಳ್ಳಿಗೆ ಹೀರೋ ಯಾರು ಅಂತ ಗೊತ್ತಾಗುತ್ತದೆ. ನಿಡವಂದ ದಾಟುವ ಹೊತ್ತಿಗೆ ಆ ಮಾತು ಬಂದೇ ಬರುತ್ತದೆ: "ಯಾರು ಮಾಡಿದ್ದು ಅಂತ ಹೇಳಲ್ಲ ಕಣಣ್ಣ, ಆದ್ರೆ ನೀನು ಊಹಿಸಕ್ಕೇ ಆಗಲ್ಲ." ತಾನು ಏನೂ ಬಿಟ್ಟುಕೊಟ್ಟಿಲ್ಲ ಎಂಬ ಸಮಾಧಾನ ಹೇಳಿದವನಿಗೆ. ಕೇಳಿದವನ ಪಾಲಿಗೆ ಅರ್ಧ ಪಿಚ್ಚರ್ ಅಲ್ಲೇ ಮುಗಿಯಿತು. ಊಹಿಸಲಾಗದವನು ಅಂದರೆ ಮೊದಲ ಸೀನಿನಲ್ಲೇ ಮೀಸೆ ತಿರುವಿದ ರೌಡಿಯಲ್ಲ, ಆಸ್ತಿಗಾಗಿ ಜಗಳ ಆಡಿದ ದಾಯಾದಿಯೂ ಅಲ್ಲ. ಉಳಿದವರು ಇಬ್ಬರೋ ಮೂವರೋ. ಅವರಲ್ಲಿ ಯಾವನು ತೀರಾ ಸಾಧುವೋ, ಯಾವನು ಎಲ್ಲರಿಗೂ ಟೀ ತಂದುಕೊಟ್ಟು ಮೂಲೆಯಲ್ಲಿ ನಿಲ್ಲುತ್ತಾನೋ, ಕಣ್ಣು ಇನ್ನು ಅವನ ಮೇಲೆ.

ಥ್ರಿಲ್ಲರ್‌ನ ಕಥೆ ಹೇಳಿ ಕೆಡಿಸುವವರು ಕಡಿಮೆ, ಹೊಗಳಿ ಕೆಡಿಸುವವರೇ ಹೆಚ್ಚು. "ಕೊನೇ ಹತ್ತು ನಿಮಿಷ ಮಾತ್ರ ಮಿಸ್ ಮಾಡ್ಬೇಡ" ಅಂದರೆ ಅದಕ್ಕೆ ಮೊದಲು ಸಿಕ್ಕಿಬಿದ್ದವನು ನಿಜವಾದ ಅಪರಾಧಿಯಲ್ಲ ಎಂದಾಯಿತು. "ಕ್ಲೈಮ್ಯಾಕ್ಸ್ ಫೈಟಲ್ಲಿ ಹೀರೋ ಬೆಂಕಿ" ಅಂದರೆ ಆಸಾಮಿ ಕೊನೆಯವರೆಗೂ ಬದುಕಿರುತ್ತಾನೆ. ಇಂಟರ್ವಲ್ ಹೊತ್ತಿಗೆ ಅವನಿಗೆ ಗುಂಡು ಬಿದ್ದರೆ ಕೇಳಿಸಿಕೊಂಡವನು ನಿಶ್ಚಿಂತೆಯಿಂದ ಪಾಪ್‌ಕಾರ್ನ್ ತರಲು ಹೋಗುತ್ತಾನೆ. "ಎರಡನೇ ಸಲ ನೋಡಿದ್ರೆ ಇನ್ನೂ ಮಜಾ" ಅಂದರೆ ಸುಳಿವುಗಳನ್ನು ಮೊದಲ ರೀಲಿನಿಂದಲೇ ಹುದುಗಿಸಿದ್ದಾರೆ, ಗೋಡೆಯ ಕ್ಯಾಲೆಂಡರನ್ನೂ ಬಿಡದೆ ಓದಬೇಕು ಎಂದು ಹೇಳಿಕೊಟ್ಟ ಹಾಗೆ. ಎಲ್ಲಕ್ಕಿಂತ ಕೆಟ್ಟದ್ದು "ಒಂದು ಟ್ವಿಸ್ಟ್ ಇದೆ". ಪ್ರೇಕ್ಷಕನನ್ನು ಒಂದು ಮಾತು ನಂಬಿಸಿ ಆಮೇಲೆ ಕಾಲಡಿಯ ಚಾಪೆ ಎಳೆಯುವುದು ಈ ಚಿತ್ರಗಳ ಕಸುಬು. ಚಾಪೆ ಎಳೆಯುತ್ತಾರೆ ಎಂದು ಮೊದಲೇ ತಿಳಿದವನು ಅದರ ಮೇಲೆ ಕಾಲೇ ಇಡುವುದಿಲ್ಲ.

ಹೋಲಿಕೆಯೂ ಇಷ್ಟೇ ಅಪಾಯ. "ಥೇಟ್ ಆ ಮಲಯಾಳಂ ಪಿಚ್ಚರ್ ಥರ" ಎಂದ ಕೂಡಲೇ ಆ ಚಿತ್ರದ ಅಂತ್ಯವೂ ಇದಕ್ಕೆ ಅಂಟಿಕೊಳ್ಳುತ್ತದೆ. ಹೋಲಿಸಲೇಬೇಕಾದರೆ ಬೇರೆ ಸಂಗತಿಗಳಿವೆ: ಮಳೆ, ಊರು, ಕತ್ತಲು, ನಡಿಗೆಯ ವೇಗ. ಇನ್ನೊಂದು ಬಗೆಯ ಸೋರಿಕೆಗೆ ಹೊಣೆ ಸಿನಿಮಾದವರೇ. ಹೆಸರಾಂತ ನಟನನ್ನು ಕರೆಸಿ, ಮೊದಲರ್ಧದಲ್ಲಿ ಎರಡೇ ಸೀನು ಕೊಟ್ಟು, ಪಕ್ಕದ ಮನೆಯ ಮೇಷ್ಟ್ರಾಗಿ ಕೂರಿಸಿದ್ದರೆ ಅಷ್ಟು ಸಂಭಾವನೆ ಪೇಪರ್ ಓದಲಿಕ್ಕೆ ಕೊಟ್ಟದ್ದಲ್ಲ ಎಂದು ಯಾರಿಗಾದರೂ ಹೊಳೆಯುತ್ತದೆ. ಹಾಗಾಗಿ "ಅವರ ಆ್ಯಕ್ಟಿಂಗ್ ಚಿಂದಿ" ಎಂದು ಆ ನಟನ ಹೆಸರು ಎತ್ತದಿರುವುದು ಶಿಫಾರಸು ಮಾಡುವವನ ಧರ್ಮ.

ಹಾಗಾದರೆ ಏನು ಹೇಳಬಹುದು? ಮೊದಲ ಹದಿನೈದು, ಇಪ್ಪತ್ತು ನಿಮಿಷದಲ್ಲಿ ತೆರೆಯ ಮೇಲೆ ಬಂದದ್ದನ್ನು ಒಂದೇ ವಾಕ್ಯದಲ್ಲಿ ಹೇಳಿ ಬಾಯಿ ಮುಚ್ಚಬಹುದು. 2019ರ 'ಕವಲುದಾರಿ'ಗೆ ಇಷ್ಟು ಸಾಕು: ಅಗೆದ ಜಾಗದಲ್ಲಿ ಮೂಳೆಗಳು ಸಿಗುತ್ತವೆ, ತನಿಖೆ ಮಾಡುವ ಆಸೆ ಹುಟ್ಟುವುದು ಒಬ್ಬ ಟ್ರಾಫಿಕ್ ಪೊಲೀಸ್ ಅಧಿಕಾರಿಗೆ. ಅದೇ ವರ್ಷದ 'ಬೆಲ್ ಬಾಟಂ' ಇನ್ನೂ ಸುಲಭ: ಪತ್ತೇದಾರಿ ಕಾದಂಬರಿ ಓದಿ ಹುಚ್ಚು ಹಿಡಿದ ಕಾನ್‌ಸ್ಟೇಬಲ್, ಎಂಬತ್ತರ ದಶಕ, ನಗು ಜಾಸ್ತಿ. ಅತ್ತೆ, ಮಾವ, ಮಕ್ಕಳು ಒಟ್ಟಿಗೆ ಕೂತಿದ್ದರೆ ಅದನ್ನೇ ಹಾಕುವುದು ಜಾಣತನ. 2016ರ 'ಯೂ-ಟರ್ನ್' ವಿಷಯ ಮಾತ್ರ ಸ್ವಲ್ಪ ನಾಜೂಕು. ಬೆಂಗಳೂರಿನ ಒಂದು ಫ್ಲೈಓವರ್ ಮೇಲೆ ಬೈಕಿನವರು ನಡುವಿನ ಕಲ್ಲು ಸರಿಸಿ ತಿರುಗಿಕೊಳ್ಳುತ್ತಾರೆ, ಅವರ ಬಗ್ಗೆ ವರದಿ ಬರೆಯಲು ಒಬ್ಬ ಹುಡುಗಿ ಹೊರಡುತ್ತಾಳೆ. ಇದಾದ ಮೇಲೆ ಅದು ಯಾವ ಬಗೆಯ ಥ್ರಿಲ್ಲರ್ ಎಂದು ಹೇಳಿದರೂ ಕೆಟ್ಟಿತು. ಆದ್ದರಿಂದ ಇಲ್ಲೂ ಹೇಳುವುದಿಲ್ಲ.

ಎಲ್ಲಾ ಚಿತ್ರಕ್ಕೂ ಇಷ್ಟು ಮಡಿ ಬೇಕಿಲ್ಲ. ಬೆಚ್ಚಿಗೂ ಚಡಪಡಿಕೆಗೂ ಇರುವ ವ್ಯತ್ಯಾಸವನ್ನು ಥ್ರಿಲ್ಲರ್‌ಗಳಿಗೆ ಹೆಸರಾದ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಒಂದು ಬಾಂಬು ಇಟ್ಟು ವಿವರಿಸಿದ್ದರು. ಇಬ್ಬರು ಮೇಜಿನ ಎದುರು ಕೂತು ಲೋಕಾಭಿರಾಮ ಮಾತಾಡುತ್ತಿದ್ದಾರೆ, ಇದ್ದಕ್ಕಿದ್ದಂತೆ ಮೇಜಿನಡಿ ಬಾಂಬು ಸಿಡಿಯುತ್ತದೆ. ಪ್ರೇಕ್ಷಕರಿಗೆ ದಕ್ಕಿದ್ದು ಹದಿನೈದು ಸೆಕೆಂಡಿನ ಬೆಚ್ಚು. ಅದೇ ಬಾಂಬು ಒಂದು ಗಂಟೆಗೆ ಸಿಡಿಯುತ್ತದೆಂದು ನಮಗೆ ಮೊದಲೇ ತೋರಿಸಿ, ಗೋಡೆಯ ಗಡಿಯಾರದಲ್ಲಿ ಹನ್ನೆರಡೂ ಮುಕ್ಕಾಲು ಆಗಿರುವುದನ್ನೂ ತೋರಿಸಿದರೆ ಹದಿನೈದು ನಿಮಿಷದ ಚಡಪಡಿಕೆ. ನೋಡಿದ ಚಿತ್ರ ಬೆಚ್ಚಿಬೀಳಿಸುವ ಜಾತಿಯದೋ ಚಡಪಡಿಸುವ ಜಾತಿಯದೋ ಎಂದು ಶಿಫಾರಸು ಮಾಡುವವನು ಮೊದಲು ತನ್ನಲ್ಲೇ ಕೇಳಿಕೊಳ್ಳಬೇಕು. 'ದೃಶ್ಯ' ಬಹುಮಟ್ಟಿಗೆ ಎರಡನೆಯದು. ಏನು ನಡೆಯಿತು, ಯಾರು ಮಾಡಿದರು ಎಂಬುದು ನಮ್ಮ ಕಣ್ಣೆದುರೇ ಇರುತ್ತದೆ. ಪೊಲೀಸರಿಗೆ ಗೊತ್ತಾಗುತ್ತದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಸಿನಿಮಾ ನೋಡಿ ನೋಡಿಯೇ ಬುದ್ಧಿ ಬೆಳೆಸಿಕೊಂಡ ಕೇಬಲ್ ಟಿವಿಯವನು ಮನೆಯವರನ್ನು ಕಾಪಾಡಲು ಹೊರಟ ಕಥೆ ಎಂದರೆ ಏನೂ ಕಳೆದುಹೋಗುವುದಿಲ್ಲ. ಕೊನೆಯ ಒಂದು ಸಂಗತಿ ಮಾತ್ರ ಮುಚ್ಚಿಟ್ಟರೆ ಸಾಕು.

ಗುಟ್ಟು ಗೊತ್ತಾದರೆ ಮಜಾ ಹೋಗುತ್ತದೆ ಎಂಬುದನ್ನೇ ಪ್ರಶ್ನಿಸಿದವರೂ ಇದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ವಿಭಾಗದ ಇಬ್ಬರು ಮನಶ್ಶಾಸ್ತ್ರಜ್ಞರು 2011ರಲ್ಲಿ ಹನ್ನೆರಡು ಸಣ್ಣಕಥೆಗಳನ್ನು ಕೆಲವರಿಗೆ ಅಂತ್ಯ ತಿಳಿಸಿ, ಕೆಲವರಿಗೆ ತಿಳಿಸದೆ ಓದಿಸಿದರು. ಒಟ್ಟಾರೆ ನೋಡಿದರೆ ಅಂತ್ಯ ತಿಳಿದು ಓದಿದವರ ಖುಷಿ ಕಡಿಮೆಯಾಗಿರಲಿಲ್ಲ, ತುಸು ಹೆಚ್ಚೇ ಇತ್ತು. ತುಮಕೂರು ಸೀಮೆಯವರಿಗೆ ಇದು ಹೊಸ ಸುದ್ದಿಯಲ್ಲ. ಇಲ್ಲಿ ಜಾತ್ರೆ ಬಂದರೆ 'ಕುರುಕ್ಷೇತ್ರ' ನಾಟಕ, ಪಾತ್ರಕ್ಕೆ ಕೈಯಿಂದ ದುಡ್ಡು ಕಟ್ಟಿ ಬಣ್ಣ ಹಚ್ಚುವವರು, ಬೆಳಗಿನ ಜಾವದವರೆಗೆ ಹಾರ್ಮೋನಿಯಂ. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ, ಭೀಮ ಹೊರಗೆಳೆದು ತೊಡೆ ಮುರಿಯುತ್ತಾನೆ. ಚಾಪೆಯ ಮೇಲೆ ಮಲಗಿದ ಮಗುವಿಗೂ ಇದು ಗೊತ್ತು. ಆದರೂ ಸಂಧಾನಕ್ಕೆ ಬಂದ ಕೃಷ್ಣ ಕೈಮುಗಿದಾಗ, ಈ ಸಲವಾದರೂ ದುರ್ಯೋಧನ ಒಪ್ಪಿಬಿಡಲಿ ಎಂದು ಮುಂದಿನ ಸಾಲಿನ ಅಜ್ಜ ಮೈ ಮುಂದೆ ಮಾಡಿ ಕೂರುತ್ತಾನೆ. ಗುಬ್ಬಿ ವೀರಣ್ಣನವರ ಜಿಲ್ಲೆಯಲ್ಲಿ ಕಥೆ ತಿಳಿದೂ ಚಡಪಡಿಸುವ ಕಲೆಯನ್ನು ಯಾರೂ ಕಲಿಸಬೇಕಿಲ್ಲ.

ಆದರೂ ಬಾಯಿ ಬಿಗಿಹಿಡಿಯುವುದೇ ಸರಿ. ತಿಳಿಯದೆ ನೋಡುವ ಅವಕಾಶ ಒಂದೇ ಸಲ; ತಿಳಿದು ನೋಡುವುದು ಬೇಕಾದಾಗ ಇದ್ದೇ ಇದೆ. ಯಾವುದು ಬೇಕೆಂಬುದು ನೋಡುವವನ ಹಕ್ಕು. ಲಂಡನ್ನಿನಲ್ಲಿ 1952ರಿಂದ ನಡೆಯುತ್ತಿರುವ ಅಗಾಥಾ ಕ್ರಿಸ್ಟಿಯವರ 'ದಿ ಮೌಸ್‌ಟ್ರ್ಯಾಪ್' ನಾಟಕದಲ್ಲಿ ಕೊಲೆಗಾರ ಯಾರೆಂದು ಹೊರಗೆ ಹೇಳಬೇಡಿ ಎಂದು ಪ್ರೇಕ್ಷಕರನ್ನೇ ಕೇಳಿಕೊಳ್ಳುತ್ತಾರೆ. 1960ರಲ್ಲಿ 'ಸೈಕೋ' ಬಂದಾಗ ಹಿಚ್‌ಕಾಕ್, ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಎಂದು ಥಿಯೇಟರಿನವರಿಗೆ ಕಟ್ಟುನಿಟ್ಟು ಮಾಡಿದ್ದರು. ಕಾರಣ ಚಿತ್ರ ನೋಡಿದವರಿಗೆ ಗೊತ್ತು. ನಮ್ಮಲ್ಲಿ ಹೆಸರು ತೋರಿಸುವುದೆಲ್ಲ ಮುಗಿಯಲಿ ಎಂದು ಬಿ.ಎಚ್. ರಸ್ತೆಯಲ್ಲಿ ಇನ್ನೊಂದು ಟೀ ಕುಡಿದು ಕತ್ತಲಲ್ಲಿ ಮೊಬೈಲ್ ಟಾರ್ಚ್ ಬಿಟ್ಟುಕೊಂಡು ಬರುವವರಿದ್ದಾರೆ. ಥ್ರಿಲ್ಲರ್‌ನಲ್ಲಿ ಸುಳಿವು ಬಚ್ಚಿಡುವುದು ಹೆಚ್ಚಾಗಿ ಆ ಮೊದಲ ಐದು ನಿಮಿಷದಲ್ಲೇ. ಹೇಳುವುದಾದರೆ ಇದನ್ನು ಹೇಳಿ: "ಟೈಮಿಗೆ ಮುಂಚೆ ಹೋಗು."

ಕಥೆಗಿಂತ ಉಪಯೋಗಕ್ಕೆ ಬರುವ ಮಾಹಿತಿ ಇಂಥದ್ದೇ. ಎಷ್ಟು ಹೊತ್ತು, ಎಷ್ಟು ರಕ್ತ, ಯಾರ ಜೊತೆ ನೋಡಬಹುದು, ಯಾವ ಭಾಷೆಯಲ್ಲಿ. ರಕ್ತದ ವಿಷಯಕ್ಕೆ ಸೆನ್ಸಾರ್ ಪ್ರಮಾಣಪತ್ರ ಸ್ವಲ್ಪ ಸಹಾಯ ಮಾಡುತ್ತದೆ. 2024ರ ನಿಯಮಗಳಲ್ಲಿ ಯು/ಎ ಎಂಬುದನ್ನು 7+, 13+, 16+ ಎಂದು ಒಡೆದಿದ್ದಾರೆ. 16+ ಎಂದಿದ್ದರೆ ಊಟದ ಹೊತ್ತಿಗೆ ಹಾಕಬೇಡಿ. ಆದರೆ ಪ್ರಮಾಣಪತ್ರ ಹೇಳದ ಸಂಗತಿಗಳೂ ಇವೆ. ಮಗುವಿಗೆ ತೊಂದರೆಯಾಗುವ ಕಥೆ ಬಾಣಂತಿ ಇರುವ ಮನೆಗೆ ಬೇಡ. ಬಿಪಿ ಇರುವ ಹಿರಿಯರಿಗೆ ಹೆಣಕ್ಕಿಂತ ಧಡ್ ಎಂದು ಬಾಗಿಲು ಬಡಿಯುವ ಸದ್ದೇ ಕಷ್ಟ.

"ಲ್ಯಾಗ್ ಇದೆ" ಎಂಬ ದೂರನ್ನೂ ಬಿಡಿಸಿ ಹೇಳಬೇಕು. ನಿಧಾನ ಬೇರೆ, ಎಳೆತ ಬೇರೆ. ತನಿಖೆ ಹೆಜ್ಜೆ ಹೆಜ್ಜೆಯಾಗಿ ಸಾಗಿ, ಪ್ರತಿ ಸೀನಿಗೂ ಒಂದು ಹೊಸ ಸಂಗತಿ ಸಿಗುತ್ತಿದ್ದರೆ ಅದು ನಿಧಾನ, ತಾಳ್ಮೆ ಇದ್ದವರಿಗೆ ಅದೇ ರುಚಿ. ಎಳೆತ ಹುಟ್ಟುವ ಜಾಗಗಳು ಬೇರೆ. ಮೊದಲ ಅರ್ಧ ಗಂಟೆ ನಾಯಕನ ಪ್ರೇಮಕ್ಕೆ ಹೋದರೆ ಹೆಣ ಬೀಳುವುದು ತಡವಾಗುತ್ತದೆ. ಕೊಲೆಗಾರ ಸಿಕ್ಕ ಮೇಲೆ ಅವನ ಬಾಲ್ಯದ ಕಷ್ಟ ಇಪ್ಪತ್ತು ನಿಮಿಷ ಬಂದರೆ ಕುರ್ಚಿಗಳು ಕಿರುಗುಟ್ಟುತ್ತವೆ, ಯಾಕೆಂದರೆ ಪ್ರಶ್ನೆ ಆಗಲೇ ಮುಗಿದಿದೆ. ನಡುವೆ ತೂರಿಸಿದ ಹಾಡೂ ಹಾಗೆಯೇ. ಸುನಿಲ್ ಕುಮಾರ್ ದೇಸಾಯಿ 1989ರಲ್ಲೇ 'ತರ್ಕ'ದಲ್ಲಿ ಹಾಡು ಕೈಬಿಟ್ಟು ತೋರಿಸಿದ್ದರು. ಅದಾಗಿ ಇಷ್ಟು ವರ್ಷವಾದರೂ ಹೆಣದ ಪಕ್ಕ ಡ್ಯೂಯೆಟ್ ಹಾಕುವವರನ್ನು ಏನೆನ್ನುವುದು!

ರೈಲಿನಲ್ಲಿ ಫೋನಿನಲ್ಲಿ ನೋಡುವವರಿಗೆ ಲೆಕ್ಕವೇ ಬೇರೆ. ತುಮಕೂರಿನಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್, ಪ್ಯಾಸೆಂಜರ್ ಗಾಡಿಗೆ ಒಂದೂವರೆ ಗಂಟೆಯ ಆಸುಪಾಸು. ಎರಡೂಕಾಲು ಗಂಟೆಯ ಚಿತ್ರ ಹೋಗುವಾಗ ಒಂದು ತುಂಡು, ಬರುವಾಗ ಒಂದು ತುಂಡು. ಸಂಜೆ ಮತ್ತೆ ಹಾಕುವಾಗ ಐದು ನಿಮಿಷ ಹಿಂದಕ್ಕೆ ಹೋಗಿ ಶುರು ಮಾಡದಿದ್ದರೆ ಯಾರ ಕೈಯಲ್ಲಿ ಕೀಲಿ ಇತ್ತು ಎಂಬುದು ಮರೆತಿರುತ್ತದೆ. ನಡುವೆ ಸಿಗ್ನಲ್ ಕೈಕೊಡುವುದರಿಂದ ರಾತ್ರಿಯೇ ಡೌನ್‌ಲೋಡ್ ಮಾಡಿಕೊಳ್ಳುವುದು ಒಳ್ಳೆಯದು. ಈಗಿನ ಥ್ರಿಲ್ಲರ್‌ಗಳೆಲ್ಲ ಕತ್ತಲಲ್ಲೇ ಚಿತ್ರೀಕರಣ. ಕಿಟಕಿ ಪಕ್ಕ ಕೂತರೆ ಪರದೆಯಲ್ಲಿ ಕೊಲೆಗಾರನ ಬದಲು ನಮ್ಮದೇ ಮುಖ ಕಾಣುತ್ತದೆ. ನೆರಳಿನ ಕಡೆಯ ಸೀಟು ಹಿಡಿಯಬೇಕು, ಇಯರ್‌ಫೋನ್ ಬೇಕೇ ಬೇಕು, ಎಷ್ಟೋ ಚಿತ್ರಗಳಲ್ಲಿ ಸುಳಿವು ಇರುವುದು ಸದ್ದಿನಲ್ಲಿ.

ಫೋನಿಗೆ ಇನ್ನೂ ಎರಡು ಕಾಯಿಲೆಗಳಿವೆ. ಒಂದು, ಕೆಳಗಿನ ಪಟ್ಟಿ. ಅಪರಾಧಿ ತಪ್ಪೊಪ್ಪಿಕೊಂಡ ಕ್ಷಣ ಬೆರಳು ತಾಗಿ ಇನ್ನೂ 40 ನಿಮಿಷ ಉಳಿದಿದೆ ಎಂದು ಕಂಡರೆ ಆ ಒಪ್ಪಿಗೆ ಸುಳ್ಳೆಂದು ಅಲ್ಲೇ ತೀರ್ಮಾನ. ಥಿಯೇಟರಿನಲ್ಲಿ ಈ ಗಡಿಯಾರ ಇಲ್ಲ. ಎರಡನೆಯದು ಸಬ್‌ಟೈಟಲ್. ಕಿವಿ ಕೇಳದವರಿಗಾಗಿ ಮಾಡಿದ ಬಗೆಯದನ್ನು ಆರಿಸಿಕೊಂಡರೆ ಮುಸುಕಿನವನು ಫೋನಿನಲ್ಲಿ ದನಿ ಬದಲಿಸಿ ಮಾತಾಡುವಾಗ ಕೆಲವೊಮ್ಮೆ ಮಾತಿನ ಮುಂದೆ ಅವನ ಹೆಸರನ್ನೇ ಅಚ್ಚು ಹಾಕಿರುತ್ತಾರೆ.

ಭಾಷೆಯ ಗೊಂದಲ ನಮ್ಮ ಕಡೆ ಸ್ವಲ್ಪ ಜಾಸ್ತಿಯೇ. ಪಾವಗಡ, ಬಾಗೇಪಲ್ಲಿಯ ಕಡೆಯವರು ತೆಲುಗಿನಲ್ಲಿ ನೋಡಿರುತ್ತಾರೆ, ಕೆಜಿಎಫ್ ಊರಿನವರು ತಮಿಳಿನಲ್ಲಿ. ಒಂದೇ ಹೆಣವನ್ನು ಮೂರು ಭಾಷೆಯಲ್ಲಿ ಹೂತಿರುತ್ತಾರೆ. 2013ರ ಮಲಯಾಳಂ 'ದೃಶ್ಯಂ' ಮರುವರ್ಷ ಕನ್ನಡಕ್ಕೂ ತೆಲುಗಿಗೂ ಬಂತು, 2015ರಲ್ಲಿ ತಮಿಳಿನಲ್ಲಿ 'ಪಾಪನಾಶಂ' ಆಯಿತು, ಹಿಂದಿಗೂ ಹೋಯಿತು. ಹೆಸರು ಬೇರೆಯಾದ್ದರಿಂದ ಹೊಸದೆಂದು ಕೂತವರಿಗೆ ಅರ್ಧ ಗಂಟೆಗೆ ವಿಷಯ ತಿಳಿಯುತ್ತದೆ. ಹೆಸರು ಹೇಳುವ ಮುಂಚೆ "ಇದರ ಕನ್ನಡದ್ದು ನೋಡಿದ್ದೀಯಾ?" ಎಂದು ಕೇಳಿದರೆ ಎರಡೂವರೆ ಗಂಟೆ ಉಳಿಯುತ್ತದೆ.

ಇಷ್ಟೆಲ್ಲ ನೋಡಿಕೊಂಡು ಹೇಳಿದರೂ ಶಿಫಾರಸು ಮಾಡಿದವನ ಪಾಡು ಮದುವೆ ದಲ್ಲಾಳಿಯದೇ. ಚೆನ್ನಾಗಿದ್ದರೆ ನಿರ್ದೇಶಕನಿಗೆ ಹೊಗಳಿಕೆ, ಕೆಟ್ಟರೆ ಬೈಗುಳ ಇವನಿಗೆ. ಕೆಲವರು ನೋಡುವ ಮುಂಚೆಯೇ ಅಂತ್ಯ ಕೇಳುತ್ತಾರೆ. "ನಾಯಿ ಸಾಯುತ್ತೇನಪ್ಪಾ? ಅಷ್ಟು ಹೇಳ್ಬಿಡು." ಅಂಥವರಿಗೆ ಉಪದೇಶ ಬೇಡ, ನಾಯಿಯ ವಿಷಯ ಮಾತ್ರ ಹೇಳಿ ನಿಲ್ಲಿಸಿದರಾಯಿತು. ನಿಜವಾದ ಕಷ್ಟ ಆಗಲೇ ನೋಡಿದವನು ನೋಡದವರ ಜೊತೆ ಮತ್ತೆ ನೋಡಲು ಕೂತಾಗ. ಅವನು ಬಾಯಿ ಮುಚ್ಚಿರುತ್ತಾನೆ, ಮುಖ ಮುಚ್ಚಿರುವುದಿಲ್ಲ. ಬಾಗಿಲು ತೆಗೆಯುವ ಮೊದಲೇ ಉಸಿರು ಬಿಗಿಹಿಡಿಯುತ್ತಾನೆ, ಮುಖ್ಯವಾದ ಮಾತು ಬಂದಾಗ ಎಲ್ಲರೂ ಕೇಳಿಸಿಕೊಂಡರೋ ಇಲ್ಲವೋ ಎಂದು ತಿರುಗಿ ನೋಡುತ್ತಾನೆ. ಅಂಥವನಿಗೆ ಎಲ್ಲರ ಹಿಂದಿನ ಕುರ್ಚಿ ಕೊಡಬೇಕು, ಆಗದಿದ್ದರೆ ಕಾಫಿ ಮಾಡಲು ಅಡುಗೆಮನೆಗೆ ಕಳಿಸಬೇಕು. ಅದೂ ಪೂರ್ತಿ ಕ್ಷೇಮವಲ್ಲ. ಕೈಯಲ್ಲಿ ಲೋಟ ಹಿಡಿದುಕೊಂಡು ಸರಿಯಾಗಿ ಆ ಸೀನಿಗೇ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ, ಮನೆಯವರೆಲ್ಲ ಟಿವಿ ಬಿಟ್ಟು ಅವನನ್ನು ನೋಡುತ್ತಾರೆ.