ಕೆಟ್ಟಿರುವುದು ನನ್ನ ಮೋಟಾರ್ ಅಲ್ಲ

ರಾಯಚೂರಿನಲ್ಲಿ ಯಾವ ಅಂಗಡಿಯ ಮೆಟ್ಟಿಲು ಹತ್ತಿದರೂ ಒಂದೇ ಮಾತು. "ಹಳೆಯ ಕಾಲದ್ದು ಸರ್, ಗುಜರಿಗೆ ಹಾಕಿ. ಬ್ರಷ್ ಇಲ್ಲದ ಹೊಸ ಬ್ರಷ್‌ಲೆಸ್ ಮೋಟಾರ್ ಕೂಡಿಸಿಕೊಳ್ಳಿ." ಕೇಳಿ ಕೇಳಿ ರೋಸಿಹೋಗಿದ್ದೇನೆ. ಸೋದರಮಾವ ಬಿಟ್ಟುಹೋದ ರಿಮೋಟಿನಿಂದ ಓಡಿಸುವ ಮರದ ಪುಟ್ಟ ಮಾದರಿ ದೋಣಿಯಲ್ಲಿರುವುದು ಇಂಗ್ಲೆಂಡಿನ ಟೇಕಾಲ್ ಮೋಟಾರ್. ಬ್ಯಾಟರಿ ಕೊಟ್ಟರೆ ಇಂದಿಗೂ ಗುಂಯ್ ಎಂದು ತಿರುಗುತ್ತದೆ. ಕಮ್ಯುಟೇಟರನ್ನು, ಅಂದರೆ ಬ್ರಷ್‌ಗಳು ಉಜ್ಜಿ ಕರೆಂಟ್ ಕೊಡುವ ಉರುಳೆಯನ್ನು, ಬಟ್ಟೆಯಿಂದ ಒರೆಸಿದರೆ ತಾಮ್ರ ಫಳಫಳ ಹೊಳೆಯುತ್ತದೆ. ಇದರಲ್ಲಿ ಕೆಟ್ಟಿರುವುದಾದರೂ ಏನು?

ರಿಮೋಟಿನಲ್ಲಿ ರಿವರ್ಸ್ ಕೊಟ್ಟರೂ ಮುಂದಕ್ಕೇ ನುಗ್ಗುತ್ತದೆ, ಅಷ್ಟೇ. ಮಾವಿನಕೆರೆಯಲ್ಲಿ ಬಿಟ್ಟರೆ ನೇರವಾಗಿ ಹೋಗಿ ದಡದ ಕಲ್ಲಿಗೆ ಮೂತಿ ಗುದ್ದುತ್ತದೆ. ಇದು ದೋಷವಲ್ಲ ಮಹಾರಾಯರೇ! ಈ ಮೋಟಾರಿನೊಳಗೆ ಅಯಸ್ಕಾಂತವಿಲ್ಲ, ಅದರ ಬದಲು ಫೀಲ್ಡ್ ಕಾಯಿಲ್ (ಕರೆಂಟ್ ಹರಿದಾಗ ಅಯಸ್ಕಾಂತವಾಗುವ ತಂತಿಸುರುಳಿ) ಇದೆ. ರಿವರ್ಸ್ ಕೊಟ್ಟು ಪ್ಲಸ್ ಮೈನಸ್ ಅದಲುಬದಲಾದರೆ ಕಾಯಿಲ್‌ನಲ್ಲೂ ನಡುವೆ ಸುತ್ತುವ ಆರ್ಮೇಚರಿನಲ್ಲೂ ಕರೆಂಟ್ ಒಟ್ಟಿಗೇ ಹಿಮ್ಮುಖವಾಗುತ್ತದೆ, ಹಾಗಾಗಿ ಮೋಟಾರ್ ಸುತ್ತುವ ದಿಕ್ಕು ಬದಲಾಗುವುದಿಲ್ಲ. ಮಿಕ್ಸಿಯೊಳಗೆ ಇರುವುದೂ ಇದೇ ಜಾತಿಯ ಮೋಟಾರ್. ದಿನವೂ ಮಿಕ್ಸಿ ಬಿಚ್ಚಿ ಕಾರ್ಬನ್ ಬದಲಿಸುವವರು, ಅಕ್ಕಿ ಗಿರಣಿಯ ಮೋಟಾರುಗಳಿಗೆ ವೈಂಡಿಂಗ್ ಮಾಡುವವರು ಇದನ್ನು ಎರಡು ನಿಮಿಷ ಕೈಯಲ್ಲಿ ಹಿಡಿದು ನೋಡಬಾರದೇ?

ಪರಿಹಾರ ಒಂದು ಬ್ರಿಡ್ಜ್ ರೆಕ್ಟಿಫೈಯರ್, ಅಂದರೆ ಕರೆಂಟ್ ಯಾವ ಕಡೆಯಿಂದ ಬಂದರೂ ಒಂದೇ ದಿಕ್ಕಿಗೆ ಹರಿಸುವ ನಾಲ್ಕು ಕಾಲಿನ ಬಿಡಿಭಾಗ. ಫೀಲ್ಡ್ ಕಾಯಿಲನ್ನು ಅದರ ಪ್ಲಸ್ ಮೈನಸ್ ಕಾಲುಗಳಿಗೆ ಬೆಸೆದು, ಉಳಿದೆರಡು ಕಾಲುಗಳನ್ನು ಆರ್ಮೇಚರಿನ ಸಾಲಿಗೆ (ಸೀರೀಸ್‌ನಲ್ಲಿ) ಸೇರಿಸಿದರೆ ಕಾಯಿಲ್‌ನ ಕರೆಂಟ್ ಸದಾ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ, ಆರ್ಮೇಚರಿನದು ಮಾತ್ರ ಹಿಮ್ಮುಖವಾಗುತ್ತದೆ. ಸುಮಾರು 1.4 ವೋಲ್ಟ್ ರೆಕ್ಟಿಫೈಯರೇ ತಿನ್ನುತ್ತದೆ, ತಿನ್ನಲಿ. ಬ್ರಷ್‌ಗಳ ಕಿಡಿ ರಿಮೋಟಿನ ಸಂಕೇತ ಹಿಡಿಯುವ ರಿಸೀವರಿಗೆ ತೊಂದರೆ ಕೊಡದಂತೆ 104 ಎಂದು ಬರೆದಿರುವ ಚಿಕ್ಕ ಕೆಪಾಸಿಟರ್ ಹಾಕಿದರೆ ಸಾಕು. ಇಷ್ಟಕ್ಕೆ ಗುಜರಿಯ ಮಾತೇಕೆ?

ಇನ್ನು ಆನ್‌ಲೈನಿನಲ್ಲಿ ಮೋಟಾರಿನ ವೇಗ ಹೊಂದಿಸುವ ಸ್ಪೀಡ್ ಕಂಟ್ರೋಲರ್ ಮಾರಿದ ಪುಣ್ಯಾತ್ಮನ ಕಥೆ. ಬ್ರಷ್ ಇರುವ ಮೋಟಾರಿಗೆ, ಮೋಟಾರಿನ ಕಡೆ ಎರಡೇ ತಂತಿ ಇರುವುದು ಬೇಕು ಎಂದು ಬಿಡಿಸಿ ಬಿಡಿಸಿ ಬರೆದಿದ್ದೆ. ಬಂದದ್ದು ಮೂರು ತಂತಿಯ ಬ್ರಷ್‌ಲೆಸ್ ಕಂಟ್ರೋಲರ್! ವಾಪಸ್ ಕಳಿಸುತ್ತೇನೆಂದರೆ ಪೊಟ್ಟಣ ಒಡೆದಿದ್ದೀರಿ, ಆಗುವುದಿಲ್ಲ ಎನ್ನುತ್ತಾನೆ. ಒಡೆಯದೆ ಒಳಗಿನ ತಂತಿ ಎಣಿಸುವುದು ಹೇಗೆ? ಕೊನೆಗೆ ಅವನದೂ ಅದೇ ಉಪದೇಶ, ಮೋಟಾರ್ ಬದಲಿಸಿ ಎಂದು. ತಪ್ಪು ಸಾಮಾನು ಕಳಿಸಿದವನು ನೀನು, ನನ್ನ ಮೋಟಾರ್ ಏಕೆ ಬದಲಾಗಬೇಕು? ಎರಡು ತಂತಿಯದ್ದು ಕಳಿಸು, ಇಲ್ಲವೇ ಹಣ ಹಿಂದಿರುಗಿಸು.